ಏರಿನಲ್ಲಿ ಏಳು ನಿಮಿಷ

ಗೋಡೆಯ ಮೇಲೆ ಕೆಂಪು ಚುಕ್ಕಿ, ಸಾಸಿವೆ ಕಾಳಿನಷ್ಟು, ಒಲೆಯ ಹಿಂದಿನ ಟೈಲ್ಸಿನಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿಗೆ ಹಾರುತ್ತಿದೆ, ನಡುಗುತ್ತಿದೆ, ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಒಂದು ಕೈಯಲ್ಲಿ ಅವನ ಜಾಕೆಟ್ಟು, ಇನ್ನೊಂದರಲ್ಲಿ ಆಟದ ಪಿಸ್ತೂಲಿನಂಥ ಹಳದಿ ವಸ್ತು, ಇದೇನೇ ಇದು, ಒಗೆಯೋಕೆ ಹಾಕೋಣ ಅಂತ ಜೇಬು ನೋಡಿದ್ರೆ ಸಿಕ್ತು, ಒತ್ತಿದ್ರೆ ಬೆಳಕು ಬರುತ್ತೆ. ಅದು ಬಿಸಿ ಅಳೆಯೋದು ಅತ್ತೆ, ಮುಟ್ಟದೆ ದೂರದಿಂದಲೇ ಅಳೆಯೋದು, ಬೇಕರಿ ತಾತನ ಹತ್ರ ನಿಮ್ಮ ಮಗ ಇಸ್ಕೊಂಡಿದ್ದ, ಕಾರಿಗೆ ಅಂತ. ಹಾಗಾದ್ರೆ ವಾಪಸ್ ಕೊಡಬೇಕಲ್ಲ, ಪಾಪ ಆ ಮನುಷ್ಯ ಎರಡು ಸಲ ಬಂದು ಹೋದ, ಬಾಯಿ ಬಿಟ್ಟು ಕೇಳಲಿಲ್ಲ. ಚುಕ್ಕಿ ನನ್ನ ಸೀರೆಯ ಮೇಲೆ ಇಳಿಯುತ್ತದೆ, ಆರುತ್ತದೆ, ಅತ್ತೆ ಅದನ್ನು ಮೇಜಿನ ಮೇಲೆ ಇಡುತ್ತಾರೆ, ಮೂತಿ ಗೋಡೆಯ ಕಡೆಗೆ ತಿರುಗಿಸಿ, ನಿಜವಾದ ಪಿಸ್ತೂಲೇ ಎಂಬಂತೆ. ನಿನ್ನೆ ಸಂಜೆ ತಿಥಿ ಮುಗಿದು ಕೊನೆಯ ನೆಂಟರು ಹೊರಟರು, ಬಾಡಿಗೆ ಕುರ್ಚಿಗಳು ಹೋದವು, ಹಜಾರದ ನೆಲದಲ್ಲಿ ಅವುಗಳ ಕಾಲಿನ ಗೆರೆಗಳು, ಒರೆಸಿದರೂ ಹೋಗಿಲ್ಲ, ಇವತ್ತು ಯಾರೂ ಬರುವುದಿಲ್ಲ, ಇವತ್ತು ಮಾಮೂಲಿ ದಿನ, ಹಾಲಿನವನು ಒಂದು ಪ್ಯಾಕೆಟ್ ಕಡಿಮೆ ಹಾಕಿದ್ದಾನೆ, ನಾನು ಹೇಳಿರಲಿಲ್ಲ, ತಾನೇ ತಿಳಿದುಕೊಂಡಿದ್ದಾನೆ. ಕ್ಯಾಲೆಂಡರಿನಲ್ಲಿ ಇವತ್ತಿನ ಚೌಕದೊಳಗೆ ಅವನ ಕೈಬರಹ — ಹೊಗೆ ಟೆಸ್ಟ್, ಕಡೇ ದಿನ — ಅಕ್ಷರಗಳು ಚೌಕದಿಂದ ಆಚೆ ಚೆಲ್ಲಿವೆ, ಅವನು ಯಾವ ಚೌಕದಲ್ಲೂ ಹಿಡಿಸುತ್ತಿರಲಿಲ್ಲ. ಗ್ಯಾರೇಜಿಗೆ ಹೋಗಿ ಬರ್ತೀನಿ ಅತ್ತೆ. ಇವತ್ತೇ ಹೋಗಬೇಕಾ. ಇವತ್ತೇ ಕಡೇ ದಿನ. ಅವರು ಜಾಕೆಟ್ಟನ್ನು ಮಡಿಸುತ್ತಾರೆ, ಒಗೆಯುವ ಬಟ್ಟೆಯನ್ನು ಯಾರಾದರೂ ಮಡಿಸುತ್ತಾರೆಯೇ, ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಾರೆ. ಅವನು ಹೋದ ಮೂರನೇ ದಿನ ಇದೇ ಜಾಗದಲ್ಲಿ ನಿಂತು ಕೇಳಿದ್ದರು, ಆಸ್ಪತ್ರೆ ದಾರೀಲಿ ತಡ ಏನೂ ಆಗಲಿಲ್ಲ ತಾನೇ. ಇಲ್ಲ ಅತ್ತೆ, ಅಂದೆ. ಆ ಭಾನುವಾರ ಅವರು ಮಗಳ ಮನೆಗೆ ಹೋಗಿದ್ದರು, ಕಾರಿನಲ್ಲಿ ನಾವಿಬ್ಬರೇ, ನೋಡಿದವರು ಯಾರು. ಮತ್ತೆ ಅವರು ಕೇಳಲಿಲ್ಲ. ಮಾತು ಬಂದಾಗಲೆಲ್ಲ ಅದರ ಪಕ್ಕದಿಂದ ಹಾದು ಹೋಗುತ್ತಾರೆ, ಕತ್ತಲ ಕೋಣೆಯಲ್ಲಿ ಮೇಜನ್ನು ಬಳಸಿಕೊಂಡು ಹೋಗುವ ಹಾಗೆ.

ಕಾರು ಹನ್ನೊಂದು ದಿನದಿಂದ ನಿಂತಲ್ಲೇ ನಿಂತಿದೆ, ಗಾಜಿನ ಮೇಲೆ ಧೂಳು, ಯಾರೋ ಮಕ್ಕಳು ಬೆರಳಲ್ಲಿ ಮೀನು ಬರೆದಿದ್ದಾರೆ. ನಾವು ಇದರ ಮೂರನೆಯ ಯಜಮಾನರು, ಇದಕ್ಕೆ ನಮ್ಮದು ಮೂರನೇ ಸಂಬಂಧ ಕಣೆ, ಸೌಮ್ಯವಾಗಿ ನೋಡ್ಕೋಬೇಕು ಎನ್ನುತ್ತಿದ್ದ. ಹಿಂಭಾಗ ಮೇಲೆದ್ದಿದೆ, ಹಗುರಾಗಿದೆ, ಅವನ ಆಫೀಸಿನವರು ಬಂದು ಡಿಕ್ಕಿಯಲ್ಲಿದ್ದ ತೂಕದ ಬಟ್ಟುಗಳನ್ನು ಒಯ್ದರು. ಅರವತ್ತು ಕಿಲೋ ಕಬ್ಬಿಣ, ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವ ಕೆಲಸ ಅವನದು, ಒಂದು ಕಿಲೋ ಎಂದರೆ ಎಲ್ಲೆಡೆಯೂ ಒಂದೇ ಕಿಲೋ ಆಗಿರಬೇಕು, ಊಟಕ್ಕೆ ಕೂತರೂ ತಟ್ಟೆ ಎತ್ತಿ ತೂಗಿ ನೋಡುವ ಆಸಾಮಿ. ಕೀಲಿ ತಿರುಗಿಸುತ್ತೇನೆ, ಎರಡನೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಕೆಳಗಿನಿಂದ ಅದೇ ಸದ್ದು, ಡಬ್ಬಿಯೊಳಗೆ ಜಲ್ಲಿ ಅಲ್ಲಾಡಿಸಿದ ಹಾಗೆ — ಬಟ್ಟುಗಳು, ಅಂದುಕೊಳ್ಳುತ್ತೇನೆ ಅಭ್ಯಾಸಬಲದಿಂದ, ಆದರೆ ಬಟ್ಟುಗಳು ಇಲ್ಲ. ನಾಲ್ಕು ತಿಂಗಳು ಬಟ್ಟಿನ ಸದ್ದು ಎಂದು ನಂಬಿದ್ದೆ. ಡಿಕ್ಕಿ ಖಾಲಿ, ಸದ್ದು ಹಾಗೇ ಇದೆ. ಆಮೇಲೆ ವಾಸನೆ, ಕಿಟಕಿ ಏರಿಸಿದರೂ ಬರುತ್ತದೆ, ಕೊಳೆತ ಮೊಟ್ಟೆ, ಹೈಡ್ರೋಜನ್ ಸಲ್ಫೈಡ್ ಎಂದಿದ್ದೆ ಮೊದಲ ದಿನ, ಜಂಬದಿಂದ, ನಿನ್ನ ಎಂಎಸ್ಸಿ ಎಲ್ಲಾ ಮೂಗಿನ ತುದೀಲೇ ಇದೆ ನೋಡು ಎಂದು ಅವನು ನಕ್ಕಿದ್ದ. ನೀರಿನ ಲ್ಯಾಬಿನಲ್ಲಿ ದಿನವೂ ಬಾಟಲಿ ಮೂಸುವವಳು ನಾನು, ಹೆಸರು ಹೇಳಿದೆ, ಅಷ್ಟಕ್ಕೇ ಬಿಟ್ಟೆ. ವೇಗವರ್ಧಕ ಎಂದರೇನು, ಎರಡು ಅಂಕದ ಪ್ರಶ್ನೆ, ಕ್ರಿಯೆಯ ವೇಗ ಹೆಚ್ಚಿಸಿ ತಾನು ಮಾತ್ರ ಬದಲಾಗದೆ ಉಳಿಯುವ ವಸ್ತು, ಪೂರ್ತಿ ಎರಡು ಅಂಕ. ಕಾರಿನ ಹೊಟ್ಟೆಯ ಕೆಳಗೆ ಒಂದು ಪೆಟ್ಟಿಗೆಯಲ್ಲಿ ಅದೇ ಇರುತ್ತದೆ, ಕನ್ವರ್ಟರ್ ಅಂತಾರೆ, ಇಂಜಿನ್ನಿನ ಹೊಗೆ ಅದರ ಒಳಗಿನ ಸಣ್ಣ ಸಣ್ಣ ಕಂಡಿಗಳಲ್ಲಿ ಹಾದು ವಿಷ ಕಳೆದುಕೊಂಡು ಹೊರಗೆ ಬರಬೇಕು, ಬದಲಾಗದೆ ಉಳಿಯುತ್ತದೆ ಎಂದು ಬರೆದೆನಲ್ಲ, ಸುಳ್ಳು, ಅದೂ ಕೆಡುತ್ತದೆ, ಮಸಿ ಕಟ್ಟುತ್ತದೆ, ಬಿಸಿಗೆ ಕರಗಿ ಮುದ್ದೆಯಾಗುತ್ತದೆ, ಆಮೇಲೆ ಹೊಗೆಗೆ ದಾರಿ ಇಲ್ಲ, ಇಂಜಿನ್ನಿಗೆ ಉಸಿರಿಲ್ಲ. ಅದು ಕೆಟ್ಟಿದೆ ಎಂದು ಹೇಳಲಿಕ್ಕೆ ಸ್ಟೇರಿಂಗಿನ ಹಿಂದೆ ಪುಟ್ಟ ಹಳದಿ ದೀಪ, ಇಂಜಿನ್ನಿನ ಚಿತ್ರ, ನನಗೆ ನಲ್ಲಿಯ ಹಾಗೆ ಕಾಣುತ್ತಿತ್ತು. ಆ ದೀಪ ಆರಿಸು ಕಣೋ, ಓಡಿಸುವಾಗೆಲ್ಲ ಕಣ್ಣಿಗೆ ಅದೇ ಹೊಡೆಯುತ್ತೆ, ತಲೆ ತಿಂದು ಹಾಕ್ತು. ಆರಿಸ್ತೀನಿ ಮಹಾರಾಯ್ತಿ. ಶನಿವಾರ ಹಳೆಯ ಚಾಪೆ ಹಾಸಿಕೊಂಡು ಕಾರಿನ ಕೆಳಗೆ ತೂರಿದ, ಚಪ್ಪಲಿ ಹಾಕಿದ ಎರಡು ಪಾದ ಮಾತ್ರ ಹೊರಗೆ, ಪಾದಗಳ ಜೊತೆಗೇ ಮಾತಾಡಿದೆ, ಟೀ ತರಲಾ, ಎಡಗಾಲು ಹೂಂ ಅಂತು. ಸಂಜೆಗೆ ದೀಪ ಆರಿತ್ತು. ಆರಿಸಿದೆ ನೋಡು, ಅಂದ. ಥ್ಯಾಂಕ್ಸ್ ಕಣೋ, ಅಂದೆ. ಸರಿ ಹೋಯ್ತಾ ಎಂದು ಕೇಳಬಹುದಿತ್ತು. ದೀಪ ಆರಿದ್ದೇ ಸಾಕಾಗಿತ್ತು ನನಗೆ.

ಈಗಲೂ ಆರಿಯೇ ಇದೆ, ಆ ಜಾಗ ಕಪ್ಪಗೆ, ಬೇಕರಿ ಏರು ಶುರುವಾಗುತ್ತದೆ, ಎರಡನೇ ಗೇರು, ಒತ್ತಿದರೂ ಬಲವಿಲ್ಲ, ಮೊದಲನೇ ಗೇರು, ಇಂಜಿನ್ ಅರಚುತ್ತದೆ, ಗಾಡಿ ತೆವಳುತ್ತದೆ, ಹಿಂದೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದೆ, ಮುಂದೆ ಹೋಗಪ್ಪ, ನನಗೇನು. ಆವತ್ತೂ ಇದೇ ಏರು, ನಾಲ್ಕು ಹನ್ನೆರಡು ತೋರಿಸುತ್ತಿತ್ತು ಗಡಿಯಾರ, ಹಸಿರು ಅಂಕಿಗಳು, ಆಂಬುಲೆನ್ಸ್ ಬರೋಕೆ ಇಪ್ಪತ್ತು ನಿಮಿಷ ಆಗುತ್ತೆ ಎಂದಿದ್ದರು, ಆಸ್ಪತ್ರೆ ಹತ್ತೇ ನಿಮಿಷದ ದಾರಿ, ನಾನೇ ಕರ್ಕೊಂಡು ಹೋಗ್ತೀನಿ ಅಂದೆ. ಎಲ್ಲಿ ನೋಯ್ತಿದೆ. ನೋವಲ್ಲ ಕಣೆ, ಭಾರ, ಎದೆ ಮೇಲೆ ಇಪ್ಪತ್ತು ಕಿಲೋ ಬಟ್ಟು ಇಟ್ಟಂಗಿದೆ, ಇಪ್ಪತ್ತೇ, ಇಪ್ಪತ್ತೆರಡಲ್ಲ, ಎಂದ, ಅವನ ಹಣೆಯ ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು, ನಾನು ಒತ್ತಿದೆ, ಒತ್ತಿದಷ್ಟೂ ಗಾಡಿ ಸೋತಿತು, ಹೊರಗೆ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಮುದುಕ ನಮಗಿಂತ ಮುಂದೆ ಹೋದ. ಬೇಕರಿಯ ತಿರುವಿನಲ್ಲಿ ನಿಂತೇ ಹೋಯಿತು. ಕೀಲಿ ತಿರುಗಿಸಿದೆ, ಸ್ಟಾರ್ಟ್ ಆಯಿತು, ಒಂದು ಮಾರು ಹೋಗಿ ನಿಂತಿತು. ಇಳಿದು ತಳ್ಳಲಾ, ಅಂದ. ಬಾಯಿ ಮುಚ್ಕೊಂಡು ಕೂತ್ಕೊ ಅಂದೆ, ಅವನ ಜೊತೆ ನಾನು ಆಡಿದ ಕೊನೆಯ ಪೂರ್ತಿ ವಾಕ್ಯ ಅದು, ಬಾಯಿ ಮುಚ್ಕೊಂಡು ಕೂತ್ಕೊ. ಡಿಕ್ಕಿಯಲ್ಲಿ ಅರವತ್ತು ಕಿಲೋ ಕಬ್ಬಿಣ ಕೂತಿತ್ತು, ಇಳಿದು ಅದನ್ನು ರಸ್ತೆಗೆ ಎಸೆಯಬಹುದಿತ್ತು, ಹೊಳೆಯಲಿಲ್ಲ. ಅವನು ಒರಗಿದ, ಏನೋ ಪಕ್ಕೆಗೆ ಚುಚ್ಚಿತು, ಜೇಬಿನಿಂದ ತೆಗೆದ, ಹಳದಿ, ಛೆ ತಾತನ ಗನ್ ಕೊಡೋದು ಮರೆತೆ ನೋಡು, ಎಂದ, ಗುರಿ ಇಟ್ಟ, ಗೇರಿನ ಮೇಲೆ ನನ್ನ ಕೈ, ಕೈಯ ಮೇಲೆ ಕೆಂಪು ಚುಕ್ಕಿ, ಇಪ್ಪತ್ತೊಂಬತ್ತು, ನಿನ್ನ ಕೈ ಐಸಾಗಿದೆ ಕಣೆ, ಹೆದರಬೇಡ. ಏರು ಮುಗಿದಾಗ ನಾಲ್ಕು ಹತ್ತೊಂಬತ್ತು. ಆಮೇಲೆ ಸಪಾಟು ರಸ್ತೆ, ಗಾಡಿ ಹೇಗೋ ಓಡಿತು, ಅವನು ಮಾತಾಡಲಿಲ್ಲ, ಚುಕ್ಕಿ ಇನ್ನೂ ಕೈ ಮೇಲೆಯೇ ಇದೆ ಅನ್ನಿಸುತ್ತಿತ್ತು, ತಿರುಗಿ ನೋಡಲು ಧೈರ್ಯವಾಗಲಿಲ್ಲ. ಐದು ನಿಮಿಷ ಮುಂಚೆ ಬಂದಿದ್ರೆ ಡಾಕ್ಟ್ರೇ. ಹೇಳೋಕೆ ಬರಲ್ಲಮ್ಮ. ಅಂದರೆ. ಹೇಳೋಕೆ ಬರಲ್ಲ ಅಂತಷ್ಟೇ. ಬಸ್ಸು ಮುಂದೆ ಹೋಯಿತು, ಮಕ್ಕಳು ಹಿಂದಿನ ಗಾಜಿನಿಂದ ನನ್ನನ್ನೇ ನೋಡುತ್ತಿದ್ದಾರೆ, ಒಬ್ಬಳು ನಾಲಿಗೆ ಚಾಚಿದಳು, ಏರು ಮುಗಿಯಿತು, ನಿಲ್ಲಲಿಲ್ಲ ಈ ಸಲ, ಇವತ್ತು ಕೂತವಳು ಒಬ್ಬಳೇ, ಬಟ್ಟುಗಳೂ ಇಲ್ಲ.

ಗ್ಯಾರೇಜಿನವನಿಗೆ ಕಿವಿ ಮೇಸ್ತ್ರಿ ಎಂದು ಅವನೇ ಇಟ್ಟ ಹೆಸರು, ಉದ್ದನೆಯ ಸ್ಕ್ರೂ ಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ, ಕಣ್ಣು ಮುಚ್ಚಿ ಕೇಳುತ್ತಾನೆ, ಗ್ಯಾರೇಜಿನ ಗೋಡೆಗೆ ಟಯರುಗಳು, ನೆಲಕ್ಕೆ ಆಯಿಲ್ಲು ಹೀರಲು ಹಾಕಿದ ಮರದ ಹೊಟ್ಟು. ಬನ್ನಿ ಮೇಡಂ, ಎಂದು ಸ್ಟೂಲು ಒರೆಸಿ ಇಡುತ್ತಾನೆ, ಒರೆಸಿದ ಬಟ್ಟೆ ಸ್ಟೂಲಿಗಿಂತ ಕೊಳಕು, ಮುಖ ನೋಡುವುದಿಲ್ಲ, ಗಾಡಿಯ ಜೊತೆ ಮಾತಾಡುತ್ತಾನೆ, ಏನಮ್ಮ ಹೀಗಾಗಿದ್ದೀಯ, ಯಾಕಿಷ್ಟು ಸಿಟ್ಟು. ಪಿಕಪ್ ಇಲ್ಲ, ಅನ್ನುತ್ತೇನೆ. ಗೊತ್ತು, ಗೇಟಲ್ಲಿ ಬರುವಾಗಲೇ ಕೇಳ್ತು. ಗಾಡಿಯನ್ನು ಮೇಲೆತ್ತಿ ಕೆಳಗೆ ನಿಲ್ಲುತ್ತಾನೆ, ನನ್ನ ಬ್ಯಾಗಿನಲ್ಲಿ ಗನ್ ಇದೆ, ಯಾಕೆ ಕೊಟ್ಟೆನೋ, ಕೊಟ್ಟೆ, ಇಂಜಿನ್ ಓಡುತ್ತಿರುವಾಗ ಪೆಟ್ಟಿಗೆಯ ಮುಂದಿನ ಕೊಳವೆಯ ಮೇಲೆ ಕೆಂಪು ಚುಕ್ಕಿ, ಮುನ್ನೂರ ಹತ್ತು, ಹಿಂದಿನ ಕೊಳವೆಯ ಮೇಲೆ, ನೂರ ಎಂಬತ್ತು. ನೋಡಿ ಮೇಡಂ, ಒಳಗೆ ಕೆಲಸ ನಡೀತಿದ್ರೆ ಹೊರಗೆ ಬರೋ ಕಡೆ ಬಿಸಿ ಜಾಸ್ತಿ ಇರಬೇಕು, ಇದರಲ್ಲಿ ತಣ್ಣಗಿದೆ, ಒಳಗೇನೂ ನಡೀತಿಲ್ಲ, ಉಸಿರು ಕಟ್ಟಿದೆ. ಮುನ್ನೂರ ಹತ್ತು, ನೂರ ಎಂಬತ್ತು. ಅವನೂ ಅಳೆದಿದ್ದ, ಬ್ರೆಡ್ಡಿನ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಎರಡು ಸಂಖ್ಯೆ ಫ್ರಿಜ್ಜಿನ ಮೇಲೆ ಇನ್ನೂ ಇದೆ, ಎರಡನೆಯದು ಚಿಕ್ಕದು, ಏನೋ ಅಂಗಡಿಯ ತೂಕ ಎಂದುಕೊಂಡಿದ್ದೆ. ಅವನಿಗೆ ಗೊತ್ತಿತ್ತು. ಬೋಲ್ಟುಗಳು ತುಕ್ಕು ಹಿಡಿದು ಬರಲೊಲ್ಲವು, ಮೇಸ್ತ್ರಿ ಎಣ್ಣೆ ಹೊಡೆಯುತ್ತಾನೆ, ಬೆಂಕಿ ಹಿಡಿಯುತ್ತಾನೆ, ಬೈಯುತ್ತಾನೆ, ನಾನಿದ್ದೇನೆಂದು ನೆನಪಾಗಿ ಬೈಗುಳವನ್ನು ಅರ್ಧಕ್ಕೆ ನುಂಗುತ್ತಾನೆ, ಆಮೇಲೆ ಕೈಗೆ ಸಿಕ್ಕ ಏನನ್ನೋ ಬೆಳಕಿಗೆ ಹಿಡಿಯುತ್ತಾನೆ. ಇದು ನಾನು ಹಾಕಿದ್ದಲ್ಲ. ಅಂಗೈಯಲ್ಲಿ ಹಿತ್ತಾಳೆಯ ಸಣ್ಣ ಬುಷ್ಷು, ಟೊಳ್ಳು ಕೊಳವೆಯ ತುಂಡು, ಹೆಬ್ಬೆರಳಿನ ಗಾತ್ರ, ಹೊಸದು, ಹೊಳೆಯುತ್ತಿದೆ. ಏನದು. ಇದನ್ನ ಸೆನ್ಸರ್ ಕೆಳಗೆ ಕೂರಿಸಿದ್ರೆ ಸೆನ್ಸರ್‌ಗೆ ಹೊಗೆ ಸರಿಯಾಗಿ ಸಿಗಲ್ಲ, ಎಲ್ಲಾ ಚೆನ್ನಾಗಿದೆ ಅಂದ್ಕೊಳ್ಳುತ್ತೆ, ಲೈಟ್ ಆರುತ್ತೆ, ರೋಗ ಹಾಗೇ ಇರುತ್ತೆ, ಲೈಟ್ ಮಾತ್ರ ಆರುತ್ತೆ. ಅವರೇ ಹಾಕ್ಕೊಂಡಿರಬೇಕು, ಹೇಳ್ತಿದ್ರು, ಮನೇಲಿ ಆ ಲೈಟ್ ಕಂಡ್ರೆ ಆಗಲ್ಲ, ಹೊಸದು ಬರೋವರೆಗೆ ಏನಾದ್ರೂ ಮಾಡ್ತೀನಿ ಅಂತ, ನಾನು ಬೇಡ ಸಾರ್ ಅಂದಿದ್ದೆ. ಮೇಸ್ತ್ರಿ ಒಳಗೆ ಹೋಗಿ ಕಪಾಟಿನ ಮೇಲಿನಿಂದ ರಟ್ಟಿನ ಪೆಟ್ಟಿಗೆ ಇಳಿಸುತ್ತಾನೆ, ಮೇಲೆ ದಪ್ಪ ಪೆನ್ನಿನಲ್ಲಿ — ತಕ್ಕಡಿ ಸಾರ್, ಸೋಮವಾರ. ಹೊಸ ಕನ್ವರ್ಟರ್ ಬಂದು ಇಷ್ಟು ದಿನ ಆಯ್ತು, ಸೋಮವಾರ ಬೆಳಿಗ್ಗೆನೇ ಬರ್ತೀನಿ ಅಂದಿದ್ರು, ಮನೆಗೆ ಬಂದಾಗ ಹೇಳೋಕೆ ಬಾಯಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ನಾವು ಎಲ್ಲಿದ್ದೆವು ಎಂದು ಇವನಿಗೂ ಗೊತ್ತು, ಇವನೂ ಬಂದಿದ್ದ, ತೊಳೆದ ಅಂಗಿ, ಉಗುರಲ್ಲಿ ಮಾತ್ರ ಮಸಿ. ಹಳೆಯ ಪೆಟ್ಟಿಗೆಯನ್ನು ಅಲ್ಲಾಡಿಸಿ ತೋರಿಸುತ್ತಾನೆ, ಜಲ್ಲಿ, ಬಗ್ಗಿಸಿದರೆ ಕರಗಿ ಗಟ್ಟಿಯಾದ ಕಪ್ಪು ಹೆಂಟೆಗಳು, ಜೇನುಗೂಡು ಸುಟ್ಟ ಹಾಗೆ. ಮೇಸ್ತ್ರಿ, ಇದು ಸರಿ ಇದ್ದಿದ್ರೆ ಬೇಕರಿ ಏರು ಹತ್ತೋಕೆ ಎಷ್ಟು ಹೊತ್ತು. ಅದೆಷ್ಟು ಮೇಡಂ, ಒಂದೂವರೆ, ಎರಡು ನಿಮಿಷ, ಯಾಕೆ. ಸುಮ್ಮನೆ. ಸ್ಪ್ಯಾನರ್ ನಿಂತಿತು, ಮತ್ತೆ ತಿರುಗಿತು. ಅವನ ಕಿವಿ ಚುರುಕು ಎಂದು ಮರೆತಿದ್ದೆ. ಹೊಸದನ್ನು ಕೂರಿಸಿ, ಹೊಗೆ ಟೆಸ್ಟಿಗೂ ತಾನೇ ಗಾಡಿ ಒಯ್ದು ಚೀಟಿ ತಂದು ಕೊಟ್ಟ, ಪಾಸ್, ಹೊಸ ಗಾಡಿಗೂ ಇಷ್ಟು ಚೆನ್ನಾಗಿ ಬರಲ್ಲ ಮೇಡಂ. ಬುಷ್ಷು ಕೇಳಿ ಇಸ್ಕೊಂಡೆ.

ಇಳಿಜಾರಿನಲ್ಲಿ ಗಾಡಿ ಸದ್ದಿಲ್ಲದೆ ಇಳಿಯುತ್ತದೆ, ಜಲ್ಲಿ ಇಲ್ಲ, ಮೊಟ್ಟೆಯ ವಾಸನೆ ಇಲ್ಲ, ಇದು ಬೇರೆ ಯಾರದೋ ಕಾರು, ಬೇಕರಿ ದಾಟಿದೆ, ನಿಲ್ಲಿಸಬೇಕು, ನಿಲ್ಲಿಸಲಿಲ್ಲ, ಕೆಳಗೆ ವೃತ್ತದಲ್ಲಿ ಮನೆಯ ಕಡೆಗೆ ತಿರುಗಬೇಕು, ತಿರುಗಲಿಲ್ಲ, ಪೂರ್ತಿ ಸುತ್ತು ಹಾಕಿ ಮತ್ತೆ ಏರಿನ ಬುಡಕ್ಕೆ ಬಂದೆ. ಹನ್ನೆರಡು ನಲವತ್ತೊಂದು. ಒತ್ತಿದೆ, ಗಾಡಿ ಎದ್ದು ಹೋಯಿತು, ಎರಡನೇ ಗೇರು, ಮೂರನೇ ಗೇರು, ಲೈಟು ಕಂಬಗಳು ಸರಸರನೆ ಹಿಂದೆ, ಬೇಕರಿ, ತಿರುವು, ಮೇಲೆ, ಹನ್ನೆರಡು ನಲವತ್ತೆರಡು. ಇಷ್ಟೇನಾ. ಇಷ್ಟೇ. ಗಡಿಯಾರ ತಪ್ಪಿರಬಹುದು, ಅವನಾಗಿದ್ದರೆ ಮೂರು ಸಲ ಅಳೆಯುತ್ತಿದ್ದ, ಒಂದು ಸಲದ ತೂಕ ತೂಕವಲ್ಲ ಎನ್ನುತ್ತಿದ್ದ, ಇಳಿದೆ, ಮತ್ತೆ ಹತ್ತಿದೆ, ಈ ಸಲ ನಿಧಾನವಾಗಿ, ಗಾಡಿ ಸೋಲಲಿ, ಒಂದು ಸಲ ಮುಗ್ಗರಿಸಲಿ, ಎರಡು ನಿಮಿಷ, ಸೋಲಲಿಲ್ಲ. ಮೂರನೇ ಸಲ, ಎಡಗಡೆಯ ಸೀಟು ಖಾಲಿ, ಇಳಿದು ತಳ್ಳಲಾ, ಬಾಯಿ ಮುಚ್ಕೊಂಡು ಕೂತ್ಕೊ, ಒಂದೂವರೆ. ಏಳರಲ್ಲಿ ಎರಡು ಹೋದರೆ ಐದು. ಐದು ನಿಮಿಷ ಎಂದರೇನು, ಲ್ಯಾಬಿನಲ್ಲಿ ಒಂದು ಮಾದರಿ ಬಣ್ಣ ತಿರುಗಲು ಬೇಕಾದಷ್ಟು, ಟೀ ತರಲಾ ಎಂದು ಕೇಳಿ ತಂದು ಕೊಡುವಷ್ಟು. ಹೇಳೋಕೆ ಬರಲ್ಲಮ್ಮ. ಇಲ್ಲ ಅತ್ತೆ, ತಡ ಆಗಲಿಲ್ಲ. ಆರಿಸು ಕಣೋ. ಆರಿಸಿದ. ಅವನು ಎಲ್ಲವನ್ನೂ ಸರಿಯಾಗಿ ಅಳೆಯುವವನು, ನನಗೋಸ್ಕರ ಒಂದೇ ಒಂದು ಅಳತೆ ಸುಳ್ಳು ಮಾಡಿದ್ದ, ಸೋಮವಾರದವರೆಗೆ ಮಾತ್ರ. ಮತ್ತೆ ಇಳಿಜಾರು ಹಿಡಿದೆ. ಹ್ಯಾಂಡ್‌ಬ್ರೇಕ್ ಎಳೆದೆ, ಬೇಕರಿಯ ಮುಂದೆ, ಆವತ್ತು ನಿಂತ ಜಾಗದಲ್ಲೇ, ಬೇಕೆಂದು ಅಲ್ಲಿ ನಿಲ್ಲಿಸಿದೆನೋ, ಗಾಡಿ ತಾನೇ ನಿಂತಿತೋ.

ಒಳಗೆ ಬ್ರೆಡ್ಡಿನ ಬಿಸಿ ವಾಸನೆ, ಗಾಜಿನ ಪೆಟ್ಟಿಗೆ, ತಕ್ಕಡಿಯ ಪಕ್ಕದಲ್ಲಿ ಅವನ ಸಹಿ ಇರುವ ಚೀಟಿ, ಮುಂದಿನ ವರ್ಷದವರೆಗೆ ಸರಿ ಇದೆ ಎಂದು. ತಾತನ ಮೊಣಕೈವರೆಗೂ ಮೈದಾ. ಮೂರು ಸಲ ಹತ್ತಿ ಇಳಿದ್ಯಲ್ಲ ಮಗಳೇ, ಏನಾದ್ರೂ ಬಿದ್ದು ಹೋಯ್ತಾ. ಇಲ್ಲ ತಾತ, ಇದನ್ನ ಕೊಡೋಕೆ ಬಂದೆ, ತಡ ಆಯ್ತು. ಅಯ್ಯೋ ಇದಕ್ಯಾಕೆ ಅವಸರ, ಎನ್ನುತ್ತಾನೆ, ಆದರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ, ಇಷ್ಟು ದಿನ ಕೈಯಲ್ಲಿ ಹಿಟ್ಟು ಎರಚಿ ಒಲೆಯ ಬಿಸಿ ನೋಡಿದೆ, ಹಳೇ ಕಾಲದ ಹಾಗೆ, ಎರಡು ಸಲ ಸೀಯಿಸಿದೆ. ಬ್ರೆಡ್ ತಗೋ. ಬೇಡ ತಾತ. ತಗೋ, ನಿಮ್ಮತ್ತೆಗೆ, ಅಂದು ಕಟ್ಟಿದ, ದಾರ ಹರಿಯಲು ಬಾಯಿಗೆ ಒಯ್ದವನು ಅರ್ಧಕ್ಕೆ ನಿಂತ. ನಿಮ್ಮತ್ತೆ ಕೇಳಿದ್ರು. ಏನಂತ. ಆವತ್ತು ಕಾರು ನಿಮ್ಮ ಅಂಗಡಿ ಮುಂದೆ ನಿಂತಿತ್ತಾ ಅಂತ, ಯಾರೋ ಹೇಳಿದ್ದಾರೆ ಅವರಿಗೆ, ನಾನು ಒಲೆ ಹತ್ರ ಇದ್ದೆ, ನೋಡಲಿಲ್ಲ ಅಂದ್ಬಿಟ್ಟೆ. ನೋಡಿದ್ದೆ ಮಗಳೇ. ಗನ್ ಹಿಡ್ಕೊಂಡಿದ್ದ, ಗಾಡಿ ಟೆಸ್ಟ್ ಮಾಡ್ತಿದ್ದಾನೆ ಅಂದ್ಕೊಂಡೆ, ಇಲ್ಲಿಂದಲೇ ಕೈ ಬೀಸಿದೆ, ಗೊತ್ತಿದ್ದಿದ್ರೆ ಬಂದು ತಳ್ತಿದ್ದೆ. ಅಂದರೆ ಅತ್ತೆಗೆ ಗೊತ್ತು, ಜಾಕೆಟ್ಟು ಮಡಿಸಿ ಬಿಚ್ಚಿ ಮಡಿಸುತ್ತಿದ್ದವರಿಗೆ ಗೊತ್ತು, ನಾನು ಇಲ್ಲ ಅಂದದ್ದು ಸುಳ್ಳೆಂದು ಗೊತ್ತಿದ್ದೂ ದಿನವೂ ನನಗೆ ಮೊದಲು ಬಡಿಸುತ್ತಿದ್ದಾರೆ. ತಾತ, ಇನ್ನು ನೀವು ಸುಳ್ಳು ಹೇಳಬೇಡಿ, ನಾನೇ ಹೇಳ್ತೀನಿ ಅವರಿಗೆ, ಇವತ್ತೇ, ಏರಿನಲ್ಲಿ ನಿಂತಿದ್ದು, ಏಳು ನಿಮಿಷ, ದೀಪ ಆರಿಸು ಅಂದಿದ್ದು — ದೀಪದ ವಿಷಯ ತಾತನಿಗೆ ಅರ್ಥವಾಗಲಿಲ್ಲ, ತಲೆ ಮಾತ್ರ ಆಡಿಸಿದ, ಬ್ರೆಡ್ಡಿನ ಪೊಟ್ಟಣ ನನ್ನ ಕಡೆ ಸರಿಸಿದ, ಸೆರಗಿನ ಗಂಟಿನಲ್ಲಿ ಬುಷ್ಷು ಇದೆ, ಅದನ್ನು ಮೊದಲು ಮೇಜಿನ ಮೇಲೆ ಇಡಬೇಕು, ಇಟ್ಟು ಹೇಳಬೇಕು, ಅತ್ತೆ ಕೂತ್ಕೊಳ್ಳಿ, ಎಂದು ಶುರು ಮಾಡಬೇಕು, ಕೂತ್ಕೊಳ್ಳಿ ಎಂದರೆ ಹೆದರುತ್ತಾರೇನೋ, ನಿಂತೇ ಹೇಳಲೇ, ಪೊಟ್ಟಣಕ್ಕೆ ಕೈ ಚಾಚಿದ್ದೇನೆ, ಬ್ಯಾಟರಿ ಇದೆಯೋ ಇಲ್ಲವೋ ಎಂದುಕೊಳ್ಳುತ್ತ ತಾತ ಗನ್ನನ್ನು ಒಲೆಯ ಕಡೆಗೆ ತಿರುಗಿಸುವ ಮೊದಲೇ ಒತ್ತಿದ್ದಾನೆ, ಎಷ್ಟು ತೋರಿಸ್ತಿದೆ ಓದು ಮಗಳೇ, ಕನ್ನಡಕ ಒಳಗಿದೆ, ನಾನು ಸಂಖ್ಯೆ ನೋಡುತ್ತಿಲ್ಲ, ಗಾಜಿನ ಪೆಟ್ಟಿಗೆಯ ಮೇಲೆ ನನ್ನ ಕೈ, ಕೈಯ ಮೇಲೆ ಕೆಂಪು ಚುಕ್ಕಿ, ಸಾಸಿವೆ ಕಾಳಿನಷ್ಟು, ನಡುಗದೆ, ಕೆಂಪು ಚುಕ್ಕಿ